ನಾಯಿ ಕಣ್ಣಾಗ ಗೀಜು: ಹಾಕಿದ ಹನಿ ಎಷ್ಟು ಹೊತ್ತು ನಿಲ್ತದ?

ತೊಗರಿ, ಕಡಲೆ, ಜೋಳದ ರಾಶಿ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೊಲದಾಗ ಧೂಳಿಗೇನೂ ಬರ ಇಲ್ಲ. ಆ ಧೂಳಿನಾಗ ನಮ್ಮ ಜೋಡಿ ನಾಯಿನೂ ಇರ್ತದ. ಅದರ ಕಣ್ಣಿಗೆ ಗೀಜು ಬಂದ್ರ "ಧೂಳು ಬಿದ್ದದ, ಎರಡು ದಿನ ತಡಿ" ಅಂತೀವಿ. ಎರಡು ದಿನ ಹೋಗಿ ಎರಡು ತಿಂಗಳಾಗ್ತದ. ಅಷ್ಟರಾಗ ಕರಿಗುಡ್ಡೆ ಮಸುಕಾಗಿರ್ತದ.

ನಮ್ಮ ಭಾಗದ ಮುಧೋಳ ನಾಯಿಯಂತೂ ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆ ಹಿಡಿಯುವ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಅಂಚೆಚೀಟಿ ತಂದಿತು, 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದರು. ಕಣ್ಣು ಹೋದರೆ ಅಂಥ ನಾಯಿಗೆ ಉಳಿಯೋದೇನು? ಇದು ಬರೀ ಮುಧೋಳ ನಾಯಿಯ ಮಾತಲ್ಲ, ಹಟ್ಟಿ ಕಾಯುವ ಯಾವ ನಾಯಿಗೂ ಒಂದೇ.

ತಿಳ್ಕೋಬೇಕಾದ ಮೊದಲ ಮಾತು: ಗೀಜು ಜಾಸ್ತಿ ಅಂದ್ರ ಕಣ್ಣೀರು ಜಾಸ್ತಿ ಅಂತಲ್ಲ. ಬಹಳ ಸಲ ಉಲ್ಟಾ ಇರ್ತದ. ಕಣ್ಣಿನ ಮೇಲೆ ತೆಳು ನೀರಿನ ಪದರ ಇರುತ್ತದೆ. ಗುಡ್ಡೆಗೆ ಅಂಟಿಕೊಳ್ಳಲು ಒಳಗೆ ಲೋಳೆ, ನಡುವೆ ನೀರು, ಆ ನೀರು ಆರದಂತೆ ಮೇಲೆ ಎಣ್ಣೆ. ನೀರು ಕಡಿಮೆಯಾದರೆ ಲೋಳೆ ಅಷ್ಟೇ ಉಳಿದು ದಪ್ಪ, ಹಳದಿ-ಹಸಿರು ಗೀಜಾಗಿ ರೆಪ್ಪೆಗೆ ಮೆತ್ತಿಕೊಳ್ಳುತ್ತದೆ. ಇದೇ ಒಣಗಣ್ಣು. ಹೆಚ್ಚಿನ ನಾಯಿಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರಿನ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಇದಕ್ಕೆ ಕಾರಣ. ಡಿಸ್ಟೆಂಪರ್ ಬಂದುಹೋದ ಮೇಲೂ ಆಗಬಹುದು, ಕೆಲವು ಸಲ್ಫಾ ಮಾತ್ರೆಗಳಿಂದಲೂ ಆಗಬಹುದು. ಕಣ್ಣಿನ ಮೂಲೆಯಲ್ಲಿ ಕೆಂಪು ಗುಳ್ಳೆ ಹೊರಬಂದರೆ ಕೆಲವರು ಕತ್ತರಿಸಿ ತೆಗೆಸ್ತಾರ. ಹಂಗ ಮಾಡಿಸಬ್ಯಾಡ್ರಿ. ಅದು ಮೂರನೇ ರೆಪ್ಪೆಯ ಗ್ರಂಥಿ, ಕಣ್ಣೀರಿನ ಸುಮಾರು ಮೂರನೇ ಒಂದು ಪಾಲು ಅದರಿಂದಲೇ ಬರ್ತದ. ಅದನ್ನು ಒಳಗೆ ಕೂಡಿಸಿ ಹೊಲಿಗೆ ಹಾಕಬೇಕು.

ಕಣ್ಣೀರು ಅಳೆಯೋದು ಹೆಂಗ? ಜರ್ಮನಿಯ ಕಣ್ಣಿನ ವೈದ್ಯ ಒಟ್ಟೋ ಶಿರ್ಮರ್ 1903ರಲ್ಲಿ ಮನುಷ್ಯರಿಗಾಗಿ ತಂದ ಪದ್ಧತಿಯೇ ಇವತ್ತಿಗೂ ನಾಯಿಗೆ ನಡೀತದ. 5 ಮಿಲಿಮೀಟರ್ ಅಗಲದ ಸೋಸುಕಾಗದದ ಪಟ್ಟಿಯ ತುದಿ ಮಡಚಿ ಕೆಳ ರೆಪ್ಪೆಯೊಳಗೆ ಇಟ್ಟು ಸರಿಯಾಗಿ ಒಂದು ನಿಮಿಷ ಬಿಡುತ್ತಾರೆ. 15 ಮಿಲಿಮೀಟರ್ ಅಥವಾ ಹೆಚ್ಚು ತೊಯ್ದರೆ ಕಣ್ಣೀರು ಸಾಕಷ್ಟಿದೆ. 10ರಿಂದ 15ರ ನಡುವೆ ಬಂದರೆ ಸಂಶಯ, 10ಕ್ಕಿಂತ ಕಡಿಮೆ ಒಣಗಣ್ಣು, 5 ಅಥವಾ ಕಡಿಮೆ ಇದ್ದರೆ ಭಾರಿ ಒಣಗಣ್ಣು. ತಾಲೂಕು ಪಶು ಆಸ್ಪತ್ರೆಗೆ ಹೋಗುವ ಮುಂಚೆ ಪಟ್ಟಿ ಅದ ಏನು ಅಂತ ಫೋನ್ ಮಾಡಿ ಕೇಳ್ರಿ. ಹೋಗುವ ದಿನ ಮನೆಯಲ್ಲಿ ಯಾವ ಹನಿಯನ್ನೂ ಹಾಕಬ್ಯಾಡ್ರಿ, ಹಾಕಿದ್ರ ಅಳತೆ ಸುಳ್ಳಾಗ್ತದ.

ಮನೆಯಲ್ಲಿ ಮೊಬೈಲಿನಿಂದ ಒಂದು ಪರೀಕ್ಷೆ ಮಾಡಬಹುದು. ನಾಯಿಯನ್ನು ಕಿಟಕಿ ಎದುರು ಕೂಡಿಸಿ ಕಣ್ಣಿನ ಫೋಟೋ ತೆಗೀರಿ. ಕರಿಗುಡ್ಡೆ ಮೇಲೆ ಕಿಟಕಿಯ ಪ್ರತಿಬಿಂಬ ಕನ್ನಡಿಯಂತೆ ಚೊಕ್ಕ ಬಿದ್ದರೆ ಒಳ್ಳೇದು. ಅಂಚು ಒಡೆದು, ಮಂಕಾಗಿ ಕಂಡರೆ ಡಾಕ್ಟರಿಗೆ ತೋರಿಸ್ರಿ. ಇದು ಪಟ್ಟಿಗೆ ಬದಲಿ ಅಲ್ಲ, ಸುಳಿವು ಅಷ್ಟೇ.

ಈಗ ಹನಿಯ ಲೆಕ್ಕ. ನಾನೂ ಮೊದಲು ಎರಡು ಹನಿ ಹಾಕಿದ್ರ ಎರಡು ಪಟ್ಟು ಲಾಭ ಅಂತನ ತಿಳ್ಕೊಂಡಿದ್ದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ನಾಯಿ ಕಣ್ಣಿಗೆ ಹೊಳೆಯುವ ಬಣ್ಣ ಹಾಕಿ, ಹೊತ್ತು ಹೊತ್ತಿಗೆ ಕಣ್ಣೀರಿನ ಸಣ್ಣ ಮಾದರಿ ತೆಗೆದು, ಬಣ್ಣ ಎಷ್ಟು ಉಳಿದಿದೆ ಅಂತ ಅಳೆದರು. ಒಂದು ಕಣ್ಣಿನಲ್ಲಿರುವ ಕಣ್ಣೀರು ಸುಮಾರು 65 ಮೈಕ್ರೋಲೀಟರ್. ಬಾಟಲಿಯ ಒಂದು ಹನಿಯೇ 35ರಿಂದ 50 ಮೈಕ್ರೋಲೀಟರ್! ದ್ರಾಕ್ಷಿಗೆ ಎಣ್ಣೆ ಹೊಡೆಯುವಾಗ ಎಲೆ ತೊಯ್ದ ಮೇಲೂ ಹೊಡೆದರೆ ಅದು ನೆಲಕ್ಕೆ ಸೋರ್ತದಲ್ಲ, ಹಂಗ ಎರಡನೇ ಹನಿ ಕೆನ್ನೆ ಮೇಲೆ ಹರಿದು ಹೋಗ್ತದ.

ಒಳಗೆ ನಿಂತದ್ದೂ ಬಹಳ ಹೊತ್ತು ಇರಲ್ಲ. ಶಾಂತವಾಗಿದ್ದ ಕಣ್ಣಿನಲ್ಲಿ ನಿಮಿಷಕ್ಕೆ ಸುಮಾರು ನೂರಕ್ಕೆ 12 ಪಾಲು ಕಣ್ಣೀರು ಬದಲಾಗುತ್ತದೆ. ಕಣ್ಣು ಉರಿದರೆ ನಿಮಿಷಕ್ಕೆ ಅರ್ಧದಷ್ಟು! ನೂರಿದ್ದದ್ದು ಐವತ್ತು, ಇಪ್ಪತ್ತೈದು, ಹನ್ನೆರಡು, ಆರು, ಐದನೇ ನಿಮಿಷಕ್ಕೆ ಮೂರು. ಅದಕ್ಕೇ ತಣ್ಣನೆ ಹನಿ ಹಾಕಬ್ಯಾಡ್ರಿ, ಫ್ರಿಜ್‌ನಾಗಿನ ಬಾಟಲಿಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡ್ಕೊಂಡು ಹಾಕ್ರಿ.

ಮೊದಲು ಕಾಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜು ಒರೆಸ್ರಿ. ನಾಯಿಯ ಹಿಂಭಾಗ ಗೋಡೆ ಮೂಲೆಗೆ ಬರುವಂತೆ ಕೂಡಿಸಿ, ಗದ್ದ ಎತ್ತಿ ಹಿಡೀರಿ. ಬಾಟಲಿ ಹಿಡಿದ ಕೈ ತಲೆಯ ಹಿಂದಿನಿಂದ ಬರಲಿ, ಎದುರಿನಿಂದ ಬಂದ್ರ ನಾಯಿ ಬೆದರ್ತದ. ಮೇಲಿನ ರೆಪ್ಪೆ ಎತ್ತಿ ಬಿಳಿ ಭಾಗದ ಮೇಲೆ ಒಂದೇ ಹನಿ, ತುದಿ ಕಣ್ಣಿಗೆ ತಾಗಬಾರದು. ಇನ್ನೊಂದು ಔಷಧ ಇದ್ದರೆ ಐದು ನಿಮಿಷ ಬಿಟ್ಟು, ಅದಕ್ಕ ಮೊಬೈಲಿನಾಗ ಟೈಮರ್ ಇಡ್ರಿ. ನೀರಿನಂಥದು ಮೊದಲು, ದಪ್ಪಂದು ಆಮೇಲೆ, ಮುಲಾಮು ಕೊನೆಗೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರು ಎಣ್ಣೆಗೆ ಬೆರೆಸುವ ಸ್ಟಿಕರ್ ಇದ್ದಂಗ, ನೀರಿನ ಹನಿಗಿಂತ ಹೆಚ್ಚು ಹೊತ್ತು ಹಿಡಿದಿಡ್ತದ.

ಆದರೆ ಕೃತಕ ಕಣ್ಣೀರು ಬರೀ ಆಸರೆ. ಗ್ರಂಥಿಗೆ ಮತ್ತೆ ಚಾಲನೆ ಕೊಡಲು ಡಾಕ್ಟರು ಹೆಚ್ಚಾಗಿ ಸೈಕ್ಲೋಸ್ಪೋರಿನ್ ಬರೀತಾರ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಗುಣ ಕಾಣಲು ವಾರಗಳೇ ಬೇಕು. "ಕಣ್ಣು ಚೊಕ್ಕ ಆತು" ಅಂತ ನಿಲ್ಲಿಸಿದರೆ ಮತ್ತ ಒಣಗ್ತದ. ಬಹಳ ನಾಯಿಗಳಿಗೆ ಜೀವನಪೂರ್ತಿ ಹಾಕಬೇಕು. ಖರ್ಚಿನ ಮಾತು ಖರೆ, ಆದ್ರ ಒಂದೇ ಹನಿ ಹಾಕಿದ್ರ ಬಾಟಲಿ ಎರಡು ಪಟ್ಟು ದಿನ ಬರ್ತದ.

ಮನ್ಯಾಗ ಯಾರಿಗೋ ತಂದು ಉಳಿದ ಹನಿ ಹಾಕೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಾಟಲಿ ಮೇಲೆ ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೋಲೋನ್ ಅಂತ ಇದ್ರ ಡಾಕ್ಟರು ನೋಡದೆ ಮುಟ್ಟಲೇಬ್ಯಾಡ್ರಿ. ಗುಡ್ಡೆ ಮೇಲೆ ಗಾಯ ಇದ್ದಾಗ ಅದು ಬಿದ್ದರೆ ಗಾಯ ಆಳಕ್ಕಿಳಿದು ಗುಡ್ಡೆ ತೂತು ಬೀಳಬಹುದು. ಉಪ್ಪು ಜಗಿದು ಉಗಿಯೋದೂ ಬ್ಯಾಡ. ನಾಯಿ ಕಣ್ಣು ಮುಚ್ಚಿ ಬಿಡದೇ ಇದ್ರ, ಗುಡ್ಡೆ ನೀಲಿ-ಬಿಳಿ ಆದ್ರ, ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಪಟ್ಟಿ ಇಟ್ಟಾಗ ಬಂದ ಅಂಕಿ, ಎಡ-ಬಲ ಬೇರೆ ಬೇರೆ, ತಾರೀಖು ಸಮೇತ ಮೊಬೈಲಿನಾಗ ಬರೆದಿಟ್ಕೊಳ್ರಿ. ಮುಂದಿನ ಸಲ ಡಾಕ್ಟರು ಮೊದಲು ಕೇಳೋದು ಅದನ್ನೇ.