ಯಾವ ಆ್ಯಪ್‌ಗೆ ಎಷ್ಟು ತಿಂಗಳು?

‘ಕಾಂತಾರ’ 2022ರ ನವೆಂಬರ್ 24ರಂದು ಪ್ರೈಮ್ ವಿಡಿಯೊಗೆ ಬಂದಾಗ ಅಲ್ಲಿ ಹಿಂದಿ ಅವತರಣಿಕೆ ಇರಲಿಲ್ಲ. ಹಿಂದಿಯಲ್ಲೇ ನೋಡಬೇಕೆಂದವರು ಡಿಸೆಂಬರ್‌ವರೆಗೆ ಕಾದು ನೆಟ್‌ಫ್ಲಿಕ್ಸ್‌ಗೆ ಹೋಗಬೇಕಾಯಿತು. ಸಿನಿಮಾ ಒಂದೇ, ಚಂದಾ ಬೇರೆ ಬೇರೆ. ಒಟಿಟಿಗೆ ದುಡ್ಡು ಕಟ್ಟುವ ಮೊದಲು ಮನೆಮಂದಿಯೆಲ್ಲ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ: ನಮ್ಮಲ್ಲಿ ಯಾರು, ಯಾವ ಭಾಷೆಯಲ್ಲಿ, ಏನು ನೋಡುತ್ತಾರೆ? ಯಾವ ಆ್ಯಪ್ ಒಳ್ಳೆಯದು ಎಂಬುದು ಆಮೇಲಿನ ಮಾತು.

ಈ ಅಂಕಣಕಾರನ ಮನೆಯನ್ನೇ ತೆಗೆದುಕೊಳ್ಳಿ. ಅಮ್ಮನಿಗೆ ಸಂಜೆಯ ಧಾರಾವಾಹಿ, ಮಗನಿಗೆ ಐಪಿಎಲ್, ಹೆಂಡತಿಗೆ ಮಲಯಾಳಂ ಚಿತ್ರಗಳು, ಅವನಿಗೆ ಹೊಸ ಕನ್ನಡ ಸಿನಿಮಾ. ಎಲ್ಲರ ಆಸೆಗೂ ವರ್ಷದ ಚಂದಾ ಕಟ್ಟುತ್ತ ಹೋದರೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ, ಆ ತಿಂಗಳು ಯಾವ ಆ್ಯಪ್ ಎಂದು ಬರೆದಿಡುವ ರೂಢಿ ಅವರದು. ಒಂದು ಮುಗಿದ ಮೇಲೆ ಇನ್ನೊಂದು.

ಧಾರಾವಾಹಿಯ ಲೆಕ್ಕ ಸುಲಭ. ಜೀ ಕನ್ನಡದ್ದು ಜೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೊಹಾಟ್‌ಸ್ಟಾರ್‌ನಲ್ಲಿ, ಉದಯ ಟಿವಿಯದ್ದು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತವೆ. ಅಮ್ಮ ಟಿವಿ ಮುಂದೆಯೇ ಕೂರುವವರು, ಕೇಬಲ್‌ಗೆ ದುಡ್ಡು ಹೇಗೂ ಹೋಗುತ್ತಿದೆ. ತಪ್ಪಿಹೋದ ಕಂತಿಗಾಗಿ ಇಡೀ ವರ್ಷದ ಚಂದಾ ಬೇಕಿಲ್ಲ.

ಲೆಕ್ಕ ಹಾಕಬೇಕಾದ್ದು ಪ್ರೈಮ್‌ನಲ್ಲಿ. ಹೊಸ ಕನ್ನಡ ಚಿತ್ರಗಳು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ತಿಂಗಳಿಗೆ 299 ರೂಪಾಯಿ, ವರ್ಷಕ್ಕೆ 1,499. ಐದು ತಿಂಗಳು ಬಿಡಿಬಿಡಿಯಾಗಿ ಕಟ್ಟಿದರೆ 1,495 ಆಗುತ್ತದೆ. ಅಂದರೆ ವರ್ಷದಲ್ಲಿ ಐದು ತಿಂಗಳಿಗಿಂತ ಕಡಿಮೆ ನೋಡುವವರಿಗೆ ತಿಂಗಳ ಚಂದಾ ಲಾಭ, ಹೆಚ್ಚು ನೋಡುವವರಿಗೆ ವರ್ಷದ್ದು. ಅಮೆಜಾನ್‌ನಿಂದ ಆಗಾಗ ಸಾಮಾನು ತರಿಸುವ ಮನೆಯಾದರೆ ಡೆಲಿವರಿ ಶುಲ್ಕದ ಉಳಿತಾಯವನ್ನೂ ಸೇರಿಸಿ ನೋಡಬೇಕು, ಆಗ ತಕ್ಕಡಿ ವರ್ಷದ ಕಡೆಗೇ ವಾಲುತ್ತದೆ. ಆದರೆ 2025ರ ಜೂನ್‌ನಿಂದ ಪ್ರೈಮ್ ವಿಡಿಯೊದಲ್ಲೂ ಜಾಹೀರಾತು ಬಂದಿದೆ. ಅದು ಬೇಡ ಎಂದವರಿಗೆ ವರ್ಷಕ್ಕೆ ಇನ್ನೂ 699 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಎರಡೂ ಸೇರಿ 2,198. ಜಾಹೀರಾತಿಲ್ಲದೆ ನೋಡುವುದಕ್ಕೇ ಚಂದಾ ಕಟ್ಟುತ್ತಿದ್ದ ಜನರ ಮೇಲೆ ಇದು ಹೆಚ್ಚಿನ ಹೊರೆ ಎಂಬುದು ಅಂಕಣಕಾರನ ಖಚಿತ ಅಭಿಪ್ರಾಯ.

ನೆಟ್‌ಫ್ಲಿಕ್ಸ್‌ನ ಕ್ರಮ ಬೇರೆ. ಅಲ್ಲಿ ವರ್ಷದ ಚಂದಾ ಇಲ್ಲ, ತಿಂಗಳ ಲೆಕ್ಕವೇ. 2021ರ ಡಿಸೆಂಬರ್‌ನಲ್ಲಿ ದರ ಇಳಿಸಿದಾಗ ಮೊಬೈಲ್‌ಗೆ 149, ಬೇಸಿಕ್‌ಗೆ 199, ಸ್ಟ್ಯಾಂಡರ್ಡ್‌ಗೆ 499, ಪ್ರೀಮಿಯಂಗೆ 649 ರೂಪಾಯಿ ಎಂದಾಯಿತು. ಬೇಸಿಕ್‌ನಲ್ಲಿ ಒಂದು ಪರದೆ, ಸ್ಟ್ಯಾಂಡರ್ಡ್‌ನಲ್ಲಿ ಎರಡು, ಪ್ರೀಮಿಯಂನಲ್ಲಿ ನಾಲ್ಕು ಪರದೆ ಮತ್ತು 4ಕೆ. ಒಂದೇ ಟಿವಿ ಇರುವ ಮನೆಗೆ ಬೇಸಿಕ್ ಸಾಕು. 4ಕೆ ಎಂದರೆ ಗಂಟೆಗೆ 7 ಜಿಬಿವರೆಗೂ ಡೇಟಾ ಖರ್ಚಾಗುತ್ತದೆ, ಟಿವಿ 4ಕೆ ಅಲ್ಲದಿದ್ದರೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುವುದೇ ಇಲ್ಲ. ಮಲಯಾಳಂ, ಹಿಂದಿ, ಕೊರಿಯನ್, ಇಂಗ್ಲಿಷ್ ನೋಡುವವರಿಗೆ ಇಲ್ಲಿ ಬೇಕಾದಷ್ಟಿದೆ. ಕನ್ನಡವನ್ನೇ ಹುಡುಕಿ ಹೋದವರಿಗೆ ಮಾತ್ರ ನಿರಾಸೆ.

ಐಪಿಎಲ್ ನಡೆಯುವುದು ಎರಡು ತಿಂಗಳ ಆಸುಪಾಸು. 2025ರ ಫೆಬ್ರವರಿ 14ರಂದು ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊಹಾಟ್‌ಸ್ಟಾರ್ ಆದಾಗ ಸೂಪರ್ ಚಂದಾ ಮೂರು ತಿಂಗಳಿಗೆ 299, ವರ್ಷಕ್ಕೆ 899 ಇತ್ತು. ಬರೀ ಆರ್‌ಸಿಬಿಗಾಗಿ ಆ್ಯಪ್ ತೆರೆಯುವವರಿಗೆ ಮೂರು ತಿಂಗಳದ್ದೇ ಧಾರಾಳ. ‘ಜಾಹೀರಾತು ಇಲ್ಲ’ ಎನ್ನುವ ದುಬಾರಿ ಪ್ರೀಮಿಯಂ ಕೊಂಡರೂ ನೇರಪ್ರಸಾರದ ಪಂದ್ಯದಲ್ಲಿ ಜಾಹೀರಾತು ಬಂದೇ ಬರುತ್ತದೆ, ಆ ಆಸೆಯಿಂದ ಅದನ್ನು ಕೊಳ್ಳಬೇಡಿ. ಈ ದರಗಳು ಆಗಾಗ ಬದಲಾಗುತ್ತವೆ, ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಮೊಬೈಲ್ ರೀಚಾರ್ಜ್ ಅಥವಾ ಬ್ರಾಡ್‌ಬ್ಯಾಂಡ್ ಜೊತೆಗೇ ಯಾವುದಾದರೂ ಆ್ಯಪ್ ಬಂದಿದೆಯೇ ಎಂದೂ ನೋಡಿ.

ದುಡ್ಡು ಸೋರುವುದು ಹೆಚ್ಚಾಗಿ ಆಟೊಪೇಯಲ್ಲಿ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಾರ್ಡ್ ಅಥವಾ ಯುಪಿಐಯಿಂದ ಇಂಥ ಚಂದಾ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಬರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಆ ಮೆಸೇಜು ಬ್ಯಾಂಕಿನ ಹತ್ತಾರು ಮೆಸೇಜುಗಳ ನಡುವೆ ಮುಚ್ಚಿಹೋಗುತ್ತದೆ. ಅಂಕಣಕಾರ ಹೊಸ ಚಂದಾ ಕಟ್ಟಿದ ಕೂಡಲೇ ಯುಪಿಐ ಆ್ಯಪ್‌ನ ಆಟೊಪೇ ಪುಟ ತೆರೆದು ಯಾವ್ಯಾವುದು ಚಾಲ್ತಿಯಲ್ಲಿದೆ ಎಂದು ನೋಡುತ್ತಾನೆ. ನೆಟ್‌ಫ್ಲಿಕ್ಸ್‌ನಲ್ಲಿ ಕಟ್ಟಿದ ದಿನವೇ ರದ್ದು ಮಾಡಿದರೂ ತಿಂಗಳು ಮುಗಿಯುವವರೆಗೆ ನೋಡಲು ಅಡ್ಡಿಯಿಲ್ಲ.

ಉಳಿತಾಯದ ಇಷ್ಟೆಲ್ಲ ಮಾತಿನ ನಡುವೆ ಒಂದು ಖರ್ಚನ್ನು ಮಾತ್ರ ಈ ಮನೆಯಲ್ಲಿ ಕತ್ತರಿಸುವುದಿಲ್ಲ: ಕನ್ನಡದ ಚಿತ್ರ, ಸರಣಿಗಳಿಗೆ ಕಟ್ಟುವ ದುಡ್ಡು. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಕಟ್ಟಿಕೊಟ್ಟ ಕನ್ನಡ ಸರಣಿ ‘ಏಕಂ’ ಅನ್ನು ಕೊಳ್ಳಲು ದೊಡ್ಡ ಒಟಿಟಿಗಳು ಮುಂದೆ ಬರಲಿಲ್ಲ. ಕರಾವಳಿಯ ಏಳು ಕಥೆಗಳ ಆ ಸರಣಿಯನ್ನು 2024ರ ಜುಲೈಯಲ್ಲಿ ಅವರು ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಬೇಕಾಯಿತು. ಕನ್ನಡದ ಮೊದಲ ಜೀ5 ಒರಿಜಿನಲ್ ಸರಣಿ ‘ಅಯ್ಯನ ಮನೆ’ ಬಂದಿದ್ದು 2025ರ ಏಪ್ರಿಲ್‌ನಲ್ಲಿ, ಅಷ್ಟು ತಡವಾಗಿ. ಎಷ್ಟೋ ಸಣ್ಣ ಕನ್ನಡ ಚಿತ್ರಗಳಿಗೆ ಒಟಿಟಿಯವರು ಹಣ ಕೊಡುವುದು ಜನ ನೋಡಿದ ಗಂಟೆಗಳ ಲೆಕ್ಕದಲ್ಲಿ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ: ಟೆಲಿಗ್ರಾಂನಲ್ಲಿ ಬಂದ ಕಳ್ಳ ಪ್ರತಿಯನ್ನು ಅಳಿಸಿಹಾಕಿ, ಆ ಚಿತ್ರ ಇರುವ ಆ್ಯಪ್‌ಗೆ ಒಂದು ತಿಂಗಳ ದುಡ್ಡು ಕಟ್ಟಿ, ಕನ್ನಡದಲ್ಲೇ ಪೂರ್ತಿ ನೋಡಿ.