ಜೇಡದ ಒಡಲಿನ ಗ್ರಂಥ

ಕನ್ನಡದಲ್ಲಿ ‘ಜೇಡ’ ಎಂಬ ಮಾತಿಗೆ ನೇಕಾರನೆಂಬ ಅರ್ಥವೂ ಉಂಟು. ಮನೆಯ ಮೂಲೆಯಲ್ಲಿ ಬಲೆ ನೇಯುವ ಈ ಕಿರುಜೀವಿಯನ್ನು ನಾವು ಪೊರಕೆಯಿಂದ ಗುಡಿಸಿ ಮರೆತುಬಿಡುತ್ತೇವೆ. ಅದರ ಒಂದೊಂದು ಜೀವಕೋಶದಲ್ಲಿಯೂ ಒಂದು ಬೃಹದ್ಗ್ರಂಥವು ಅಡಗಿದೆಯೆಂಬುದು ನಮ್ಮ ಮನಸ್ಸಿಗೆ ಹೊಳೆಯುವುದೇ ಇಲ್ಲ.

ಆ ಗ್ರಂಥಕ್ಕೆ ಜೀನೋಮ್ ಎಂದು ಹೆಸರು. ಡಿ.ಎನ್.ಎ. ಎಂಬ ಎಳೆಯ ಮೇಲೆ ನಾಲ್ಕೇ ಅಕ್ಷರಗಳಿಂದ ಅದು ರಚಿತವಾಗಿದೆ. ಜಗತ್ತಿನ ಹಲವು ನಾಡುಗಳ ಮನೆಗಳಲ್ಲಿ ಕಾಣಸಿಗುವ ‘ಪ್ಯಾರಾಸ್ಟಿಯಟೋಡ ಟೆಪಿಡೇರಿಯೋರಮ್’ ಎಂಬ ಸಾಮಾನ್ಯ ಮನೆಜೇಡದ ಜೀನೋಮಿನಲ್ಲಿ ಇಂತಹ ಅಕ್ಷರಗಳು ಸುಮಾರು 140 ಕೋಟಿ. ಇದು ಮಾನವನ ಜೀನೋಮಿನ ಹೆಚ್ಚುಕಡಿಮೆ ಅರ್ಧದಷ್ಟು.

ಇಷ್ಟು ದೊಡ್ಡ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಬಲ್ಲ ಯಂತ್ರವಿಲ್ಲ. ಆದುದರಿಂದ ವಿಜ್ಞಾನಿಗಳು ಅದರ ಅನೇಕ ಪ್ರತಿಗಳನ್ನು ಚೂರುಚೂರು ಮಾಡಿ, ಒಂದೊಂದು ಚೂರಿನಲ್ಲಿ ನೂರರ ಆಸುಪಾಸಿನ ಅಕ್ಷರಗಳನ್ನು ಯಂತ್ರದಿಂದ ಓದಿಸಿದರು. ಬಳಿಕ ಒಂದು ಚೂರಿನ ಕೊನೆ ಇನ್ನೊಂದರ ಮೊದಲಿಗೆ ಹೊಂದುವುದನ್ನು ಗಣಕಯಂತ್ರದಿಂದ ಹುಡುಕಿಸಿ ಜೋಡಿಸುತ್ತ ಹೋದರು. ಹರಿದ ಹಲವು ಓಲೆಯ ಪ್ರತಿಗಳನ್ನು ಹೋಲಿಸಿ ಹಳೆಯ ಕಾವ್ಯವೊಂದನ್ನು ಉದ್ಧರಿಸುವ ವಿದ್ವಾಂಸನ ಕೆಲಸವೂ ಇಂತಹುದೇ. ಆದರೆ ಒಂದು ತೊಡಕುಂಟು. ಹಾಡಿನಲ್ಲಿ ಪಲ್ಲವಿ ಮರಳಿ ಮರಳಿ ಬರುವಂತೆ ಜೀನೋಮಿನಲ್ಲಿಯೂ ಒಂದೇ ಅಕ್ಷರಸಾಲು ಎಷ್ಟೋ ಕಡೆ ಬರುತ್ತದೆ. ಪಲ್ಲವಿಯ ಚೂರೊಂದೇ ಕೈಗೆ ಸಿಕ್ಕರೆ ಅದು ಯಾವ ಚರಣದ ಮುಂದಿನದೆಂದು ಹೇಳುವುದು ಹೇಗೆ? ಎರಡು ಚೂರುಗಳು ಮೂಲದಲ್ಲಿ ಎಷ್ಟು ದೂರದಲ್ಲಿದ್ದವೆಂಬ ಸುಳಿವುಗಳನ್ನು ಹಿಡಿದು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಬೇಕಾಯಿತು.

2017ರಲ್ಲಿ ಈ ಜೋಡಣೆಯ ಫಲವು ಪ್ರಕಟವಾಯಿತು. ತಲೆಯಿಂದ ಹಿಂಭಾಗದವರೆಗೆ ಯಾವ ಅಂಗ ಎಲ್ಲಿ ಮೂಡಬೇಕೆಂಬುದನ್ನು ನಿರ್ದೇಶಿಸುವ ‘ಹಾಕ್ಸ್’ ಎಂಬ ವಂಶವಾಹಿಗಳು ಕೀಟಗಳಲ್ಲಿ ಸಾಮಾನ್ಯವಾಗಿ ಒಂದು ತಂಡವಾಗಿರುತ್ತವೆ. ಈ ಜೇಡದಲ್ಲಿ ಎರಡು ತಂಡಗಳು ಕಂಡುಬಂದವು! ಇತರ ಅನೇಕ ವಂಶವಾಹಿಗಳೂ ಜೋಡಿಯಾಗಿದ್ದವು. ಚೇಳಿನ ಜೀನೋಮಿನಲ್ಲಿಯೂ ಇದೇ ಗುರುತು ದೊರೆಯಿತು. ಜೇಡ ಮತ್ತು ಚೇಳುಗಳ ಸಮಾನ ಪೂರ್ವಜನಲ್ಲಿ, ಬಹುಶಃ 45 ಕೋಟಿ ವರ್ಷಗಳಿಗೂ ಹಿಂದೆ, ಇಡೀ ಜೀನೋಮ್ ಇಮ್ಮಡಿಯಾಗಿತ್ತೆಂದು ವಿಜ್ಞಾನಿಗಳು ನಿರ್ಣಯಿಸಿದರು.

ಇದರಿಂದ ಆದ ಲಾಭವೇನು? ಒಂದು ಪ್ರತಿಯು ಹಳೆಯ ಕೆಲಸವನ್ನು ನಡೆಸುತ್ತಿರಲು ಇನ್ನೊಂದಕ್ಕೆ ಹೊಸ ಕೆಲಸವನ್ನು ವಹಿಸಿಕೊಳ್ಳುವ ಅವಕಾಶ ದೊರೆಯುತ್ತದೆ. ಜೇಡದ ಭ್ರೂಣದಲ್ಲಿ ಹಾಕ್ಸ್ ಜೋಡಿಗಳು ಬೇರೆ ಬೇರೆ ಎಡೆಗಳಲ್ಲಿ, ಬೇರೆ ಬೇರೆ ವೇಳೆಯಲ್ಲಿ ಕಾರ್ಯಪ್ರವೃತ್ತವಾಗುವುದು ಕಂಡುಬಂದಿದೆ. ಬೆನ್ನೆಲುಬುಳ್ಳ ಪ್ರಾಣಿಗಳ ಪೂರ್ವಜರಲ್ಲಿಯೂ ಬೇರೆಯಾಗಿ ಇಂತಹ ಇಮ್ಮಡಿಕೆ ನಡೆದಿತ್ತು. ಮೂಲೆಯ ಜೇಡಕ್ಕೂ ಪೊರಕೆ ಹಿಡಿದ ಮನುಷ್ಯನಿಗೂ ಚರಿತ್ರೆಯ ಈ ಒಂದು ಅಧ್ಯಾಯ ಸಮಾನವಾಗಿದೆ.