ಆಟ ಕೈಗೆ ಹತ್ತದ ದಿನಗಳು

ಚಿರಂಜೀವಿ ತಮ್ಮನಿಗೆ ಗುಡಗೇರಿಯಿಂದ ಸಣ್ಣಜ್ಜನ ಆಶೀರ್ವಾದಗಳು.

ನಿನ್ನ ಸಮಾಚಾರ ನಿಮ್ಮವ್ವನ ಫೋನಿನಿಂದ ತಿಳಿಯುತ್ತಲೇ ಇದೆ. ಹೋದ ವರ್ಷದಿಂದ ನಿನ್ನ ಆಟ ಕೈಗೆ ಹತ್ತುತ್ತಿಲ್ಲವಂತೆ. ಟೂರ್ನಿಗೆ ಹೋದಲ್ಲೆಲ್ಲ ಎರಡನೆಯ ದಿನ ಸಂಜೆಗೇ ಬ್ಯಾಗು ಕಟ್ಟಿಕೊಂಡು ಬರುತ್ತೀಯಂತೆ. ಮನೆಯಲ್ಲಿ ಯಾರಾದರೂ ಗಾಲ್ಫಿನ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತೀಯಂತೆ. ಈ ಪತ್ರ ನಿನಗೊಬ್ಬನಿಗೇ ಬರೆಯಬೇಕೆಂದಿದ್ದೆ. ನಿನ್ನ ಹಾಗೆ ಕೈ ಸೋತು ಕೂತ ಹುಡುಗರು ಹುಡುಗಿಯರು ಇನ್ನೂ ಇದ್ದಾರು ಅನ್ನಿಸಿದ್ದರಿಂದ ಪತ್ರಿಕೆಗೇ ಕಳಿಸಿದೆ. ನಿನ್ನ ಹೆಸರು ಹಾಕಿಲ್ಲ, ಅಂಜಬೇಡ.

ಕುಂದಗೋಳ ತಾಲೂಕಿನ ಹಳ್ಳಿಯಲ್ಲಿ ಕೂತ ಮುದುಕನಿಗೆ ಗಾಲ್ಫಿನ ಉಸಾಬರಿ ಯಾಕೆ ಎಂದು ಓದುವವರು ಕೇಳಬಹುದು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಹತ್ತಿದ ಚಟ ಅದು. ನಿವೃತ್ತಿಯವರೆಗೂ ಆಡಿದೆ, ಹ್ಯಾಂಡಿಕ್ಯಾಪ್ ಮಾತ್ರ ಎರಡಂಕಿಯಿಂದ ಕೆಳಗಿಳಿಯಲಿಲ್ಲ. ಹಾಗಾಗಿ ನಿನ್ನ ಸ್ವಿಂಗ್ ತಿದ್ದುವ ಅಧಿಕಾರ ನನಗಿಲ್ಲ. ಅದು ನಿನ್ನ ಕೋಚ್ ನೋಡಿಕೊಳ್ಳಬೇಕಾದ್ದು. ನಾನು ಹೇಳುವುದೆಲ್ಲ ಸ್ವಿಂಗಿನ ಆಚೆಗಿನ ಮಾತು.

ಮೊದಲು ಅದಿತಿ ಅಶೋಕ್ ವಿಷಯ. ಬೆಂಗಳೂರಿನವರೇ, ನಿನಗಿಂತ ಕೆಲವೇ ವರ್ಷ ದೊಡ್ಡವರು. 2017ರ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಮೂರನೆಯ ಪ್ರಶಸ್ತಿ ಗೆದ್ದಾಗ ಆಕೆಗೆ ಹತ್ತೊಂಬತ್ತು ವರ್ಷ. ನಾಲ್ಕನೆಯದು ಬಂದದ್ದು 2023ರ ಫೆಬ್ರುವರಿಯಲ್ಲಿ, ಕೆನ್ಯಾದಲ್ಲಿ. ನಡುವೆ ಐದು ವರ್ಷಕ್ಕೂ ಹೆಚ್ಚು ಕಾಲ ಆ ಟೂರ್‌ನಲ್ಲಿ ಗೆಲುವಿಲ್ಲ. ಆ ಬರಗಾಲದ ನಟ್ಟನಡುವೆಯೇ ಟೋಕಿಯೊ ಒಲಿಂಪಿಕ್ಸ್ ಬಂತು. 2021ರ ಆಗಸ್ಟ್. ಆಕೆಯ ವಿಶ್ವ ರ‍್ಯಾಂಕಿಂಗ್ ಆಗ 200. ಆ ವರ್ಷ ಕೋವಿಡ್ ಬಂದು ಹೋಗಿತ್ತು, ಮೈಯಲ್ಲಿನ ಕಸುವು ಕುಗ್ಗಿ ಡ್ರೈವ್ ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಜೊತೆಯಲ್ಲಿ ಆಡಿದವರ ಚೆಂಡು ಎಷ್ಟೋ ಮುಂದೆ ಬಿದ್ದಿರುತ್ತಿತ್ತು. ಆಕೆ ದೂರದ ಬೆನ್ನು ಹತ್ತಲಿಲ್ಲ. ಕೈಯಲ್ಲಿ ಇನ್ನೂ ಉಳಿದಿದ್ದ ಪಟಿಂಗ್ ಮೇಲೆ ಭಾರ ಹಾಕಿದರು. 67, 66, 68, 68. ಒಟ್ಟು 269, ಪಾರ್‌ಗಿಂತ 15 ಕಡಿಮೆ. ಬೆಳ್ಳಿ ಕಂಚಿಗಾಗಿ ಪ್ಲೇಆಫ್ ಆಡಿದ ಇಬ್ಬರಿಗಿಂತ ಒಂದೇ ಹೊಡೆತ ಹಿಂದೆ, ನಾಲ್ಕನೆಯ ಸ್ಥಾನ. ಪದಕ ಸಿಗಲಿಲ್ಲ ನಿಜ, ಆದರೆ ಎರಡುನೂರನೆಯ ಸ್ಥಾನದವರು ಅಲ್ಲಿ ನಿಂತದ್ದು ಹೇಗೆ ಎಂಬುದನ್ನು ನೀನು ಯೋಚಿಸಬೇಕು.

ಫಾರ್ಮ್ ಹೋಯಿತು ಎಂದು ನಾವು ಒಟ್ಟಾರೆ ಹೇಳಿಬಿಡುತ್ತೇವೆ. ಎಲ್ಲವೂ ಒಟ್ಟಿಗೆ ಹೋಗುವುದು ಬಹಳ ಅಪರೂಪ. ಟೀ ಮೇಲಿನ ಹೊಡೆತ ಹೋಗಿರುತ್ತದೆ, ವೆಜ್ ಇದ್ದಲ್ಲೇ ಇರುತ್ತದೆ. ಇಲ್ಲವೇ ಗ್ರೀನ್‌ವರೆಗೂ ಆಟ ಸರಿಯಾಗಿದ್ದು, ಮೂರು ಅಡಿಯ ಪಟ್ ಕೈಕೊಡುತ್ತಿರುತ್ತದೆ. ಬೇಸರಗೊಂಡವನ ಕಣ್ಣಿಗೆ ಈ ವಿಂಗಡಣೆ ಕಾಣುವುದಿಲ್ಲ, ಕಾಣುವುದು ಕೊನೆಯ ಒಂದು ಅಂಕಿ, 76 ಅಥವಾ 78. ನೀನು ಕಾರ್ಡಿನ ಹಿಂಬದಿಯಲ್ಲಿ ಪ್ರತಿ ಹೋಲ್‌ಗೂ ಬರೆಯುತ್ತಾ ಬಾ: ಹೊಡೆತ ಎಲ್ಲಿ ಹೋಯಿತು, ಟೀಯಲ್ಲೋ, ಫೇರ್‌ವೇಯಲ್ಲೋ, ಗ್ರೀನ್ ಅಂಚಿನಲ್ಲೋ, ಪಟ್ಟರ್‌ನಲ್ಲೋ. ಹತ್ತು ಸುತ್ತು ಬರೆದ ಮೇಲೆ ಕೋಚ್ ಮುಂದೆ ಇಡು. ಮೈಯ ಲೆಕ್ಕವನ್ನೂ ಅದರ ಜೊತೆಗೇ ನೋಡು. ಬೆನ್ನು ಹಿಡಿದಿದ್ದರೆ, ನಿದ್ದೆ ಇಲ್ಲದಿದ್ದರೆ, ಗ್ರಿಪ್ ಸವೆದು ಜಾರುತ್ತಿದ್ದರೆ ಮನಸ್ಸಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಇಂಥ ಸಣ್ಣ ಕಾರಣಗಳನ್ನು ಮೊದಲು ತೊಡೆದು ಹಾಕಬೇಕು. ದೊಡ್ಡ ರೋಗದ ಹೆಸರು ಹಚ್ಚಲು ನಮ್ಮ ಮಂದಿಗೆ ಏಕೋ ಬಹಳ ಅವಸರ.

ಇನ್ನೊಂದು. ಒಂದು ಕೆಟ್ಟ ದಿನವನ್ನೂ ಒಂದು ಕೆಟ್ಟ ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಮೂರನೆಯ ಸುತ್ತು 61ರಲ್ಲಿ ಮುಗಿಸಿ ಏಳು ಹೊಡೆತ ಮುಂದಿದ್ದರು. ಚಿನ್ನ ಬಂದೇ ಬಿಟ್ಟಿತು ಎಂದು ಇಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಕೊನೆಯ ದಿನ, 2023ರ ಅಕ್ಟೋಬರ್ 1ರಂದು, ಹೊಡೆದದ್ದು 77. ಬೆಳ್ಳಿ ಬಂತು. ಅಂಥ ದಿನದ ಮಾರನೆಯ ಬೆಳಿಗ್ಗೆ ಏಳುವುದು ಎಷ್ಟು ಕಷ್ಟ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅದೇ ನವೆಂಬರಿನಲ್ಲಿ ಆಕೆ ಸ್ಪೇನಿನ ಓಪನ್ ಗೆದ್ದರು. ಎರಡು ತಿಂಗಳೂ ಆಗಿರಲಿಲ್ಲ. ಆ 77 ನೋಡಿ ಗಾಬರಿಯಾಗಿ ಸ್ವಿಂಗ್ ಕಳಚಿ ಹರವಿ ಕೂತಿದ್ದರೆ ಸ್ಪೇನ್ ಇರುತ್ತಿತ್ತೋ ಇಲ್ಲವೋ.

ಕಳಚಿ ಹರವಿದವರ ಕಥೆಯೂ ಇದೆ. ಆಸ್ಟ್ರೇಲಿಯದ ಇಯಾನ್ ಬೇಕರ್ ಫಿಂಚ್ 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದವನು. ಗೆದ್ದ ಮೇಲೆ ಇನ್ನಷ್ಟು ದೂರ ಹೊಡೆಯಬೇಕೆಂದು ಸ್ವಿಂಗಿಗೆ ಕೈ ಹಾಕಿದ. ಒಬ್ಬರಾದ ಮೇಲೆ ಒಬ್ಬರು ಸಲಹೆ ಕೊಟ್ಟರು, ಎಲ್ಲವನ್ನೂ ಕೇಳಿದ. 1995ರಲ್ಲಿ ಅದೇ ಓಪನ್‌ನಲ್ಲಿ, ಸೇಂಟ್ ಆಂಡ್ರೂಸ್‌ನ ಮೊದಲ ಟೀಯಿಂದ ಚೆಂಡನ್ನು ಎಡಕ್ಕೆ ಗಡಿಯಾಚೆಗೆ ಹೊಡೆದ. ಅಲ್ಲಿ ಮೊದಲ ಮತ್ತು ಕೊನೆಯ ಹೋಲ್‌ಗಳ ಫೇರ್‌ವೇ ಕೂಡಿಕೊಂಡು ಬಯಲಿನ ಹಾಗಿದೆ, ಎಡಕ್ಕೆ ತಪ್ಪಿಸುವುದೇ ಕಷ್ಟ. 1997ರಲ್ಲಿ ಟ್ರೂನ್‌ನಲ್ಲಿ ಮೊದಲ ಸುತ್ತು 92 ಹೊಡೆದು ಹಿಂದೆ ಸರಿದ. ಅವನಿಗಾಗ ಮೂವತ್ತಾರು. ಆಶ್ಚರ್ಯವೆಂದರೆ ಅಭ್ಯಾಸದ ರೇಂಜ್‌ನಲ್ಲಿ ಅವನ ಚೆಂಡು ಆಗಲೂ ನೇರವಾಗಿಯೇ ಹೋಗುತ್ತಿತ್ತು. ಪಂದ್ಯದ ಟೀ ಮೇಲೆ ನಿಂತಾಗ ಮಾತ್ರ ತಲೆಯಲ್ಲಿ ಹತ್ತು ಧ್ವನಿ. ಆಮೇಲೆ ಟಿವಿಯಲ್ಲಿ ಗಾಲ್ಫ್ ವಿವರಣೆಕಾರನಾಗಿ ಒಳ್ಳೆಯ ಹೆಸರು ಗಳಿಸಿದ ಅನ್ನು.

ನಿನ್ನ ಮೊಬೈಲಿನಲ್ಲಿ ಸ್ವಿಂಗ್ ವಿಡಿಯೊಗಳ ರಾಶಿ ಇದೆ ಎಂದು ನಿನ್ನ ತಂಗಿ ಹೇಳಿದಳು. ಈ ತಿಂಗಳು ಒಬ್ಬರ ಹಾಗೆ, ಮುಂದಿನ ತಿಂಗಳು ಇನ್ನೊಬ್ಬರ ಹಾಗೆ ಮಾಡಿ ನೋಡುತ್ತೀಯಂತೆ. ನಮ್ಮ ಎರಿ ಹೊಲ ನೀನೇ ನೋಡಿದ್ದೀ. ಮಳೆ ನಿಂತ ಮಾರನೆಯ ದಿನವೇ ಕುಂಟಿ ಹೂಡಿದರೆ ಮಣ್ಣು ಮೆತ್ತಿ ಹೆಂಟೆ ಬೀಳುತ್ತದೆ, ಆ ಹೆಂಟೆ ಒಡೆಯುವುದರಲ್ಲಿ ಹಂಗಾಮೇ ಮುಗಿಯುತ್ತದೆ. ಹದ ಬರುವತನಕ ಕೈ ಕಟ್ಟಿ ಕೂತವನನ್ನು ಯಾರೂ ಮೈಗಳ್ಳ ಅನ್ನುವುದಿಲ್ಲ. ಕೋಚ್ ಒಬ್ಬರೇ ಇರಲಿ, ತಿದ್ದುವ ಸಂಗತಿ ಒಂದೇ ಇರಲಿ, ಅದಕ್ಕೆ ಮೂರು ತಿಂಗಳ ಅವಧಿ ಕೊಡು. ನಡುವೆ ಸ್ಕೋರ್ ಇನ್ನೂ ಕೆಟ್ಟರೂ ದಾರಿ ಬದಲಿಸಬೇಡ. ವಿಡಿಯೊಗಳನ್ನು ಅಳಿಸಿ ಹಾಕು.

ಈಗ ನಾನು ನಿನಗೆ ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಅದು ಗಾಲ್ಫಿನದ್ದಲ್ಲ, ನಮ್ಮ ರೈಲು ಹಾದಿಯದ್ದು.

ಗುಡಗೇರಿಯಲ್ಲಿ ಹುಬ್ಬಳ್ಳಿ ಗಾಡಿ ಹತ್ತಿ ಸಂಶಿ ದಾಟಿದರೆ ಕುಂದಗೋಳ. ಗಾಯಕ ಸವಾಯಿ ಗಂಧರ್ವರ ಊರು. 1930ರ ದಶಕದ ಕೊನೆಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಅವರಿಂದ ಸಂಗೀತದ ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗುರುಗಳು ಒಂದೇ ಪಲುಕನ್ನು ದಿನಗಟ್ಟಲೆ ಹಾಡಿಸುತ್ತಿದ್ದರಂತೆ. ಅದಕ್ಕೂ ಮೊದಲೇ, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ಗ್ರಾಮೊಫೋನ್ ತಟ್ಟೆಗಳು ಬಂದಿದ್ದವು. ಆ ಹಳೆಯ ತಟ್ಟೆ ಹಾಕಿ ಕೇಳು. ತೆಳುವಾದ, ಎತ್ತರದ, ಸಕ್ಕರೆಯಂಥ ಹೆಣ್ಣುದನಿ. ಅದೇ ದಿನ ಅವರ ನಂತರದ ಒಂದು ಧ್ವನಿಮುದ್ರಣ ಕೇಳು. ಇದು ಅವರೇ ಎಂದು ನಂಬುವುದಕ್ಕೆ ಆಗುವುದಿಲ್ಲ. ಗಂಟಲಿನ ಬೇನೆ, ಅದರ ಚಿಕಿತ್ಸೆ, ಇವುಗಳ ಬಳಿಕ ದನಿ ದಪ್ಪವಾಗಿ ಕೆಳಗಿಳಿಯಿತು. ರೇಡಿಯೊದಲ್ಲಿ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಎಂದುಕೊಂಡದ್ದುಂಟು. ಒಬ್ಬ ಗಾಯಕಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದ್ದೀತು?

ಅವರು ಆ ಹಳೆಯ ದನಿಯನ್ನು ಹುಡುಕುತ್ತ ಕೂರಲಿಲ್ಲ. ಬಂದ ದನಿಗೆ ಯಾವುದು ಒಗ್ಗುತ್ತದೋ ಅದನ್ನು ಹಾಡಿದರು. ಆತುರವಿಲ್ಲದ ಆಲಾಪ, ಮಂದ್ರದ ಸ್ವರಗಳ ಮೇಲೆ ಊರಿ ನಿಲ್ಲುವ ಬಗೆ, ಆಯ್ದ ಕೆಲವೇ ರಾಗಗಳು. ಇಂದು ಜಗತ್ತು ಗಂಗೂಬಾಯಿ ಎಂದು ಗುರುತಿಸುವುದು ಈ ಎರಡನೆಯ ದನಿಯನ್ನೇ. ಪದ್ಮವಿಭೂಷಣ ಬಂದದ್ದೂ ಅದಕ್ಕೇ. ಮೊದಲಿನ ಸಕ್ಕರೆ ದನಿ ಹಾಗೇ ಉಳಿದಿದ್ದರೆ ಒಳ್ಳೆಯ ಗಾಯಕಿಯೊಬ್ಬರು ಇರುತ್ತಿದ್ದರು, ನಮಗೆ ಗೊತ್ತಿರುವ ಗಂಗೂಬಾಯಿ ಇರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಸಂಗೀತ ಬಲ್ಲವರು ಒಪ್ಪದಿದ್ದರೆ ಬಿಡಲಿ.

ಗುರುಗಳದ್ದೂ ಹೆಚ್ಚುಕಡಿಮೆ ಅದೇ ದಾರಿ. ಹುಡುಗತನದ ಸವಿಗಂಠ ಪ್ರಾಯಕ್ಕೆ ಬರುವಾಗ ಒಡೆದು ಹೋಗಿತ್ತು. ಬೈಠಕ್ಕಿನ ಮೊದಲ ಹೊತ್ತು ಅವರ ದನಿ ಸುಲಭಕ್ಕೆ ಮಾತು ಕೇಳುತ್ತಿರಲಿಲ್ಲ, ಕಾದು ಕೂತವರಿಗೆ ಆಮೇಲೆ ತೆರೆದುಕೊಳ್ಳುತ್ತಿತ್ತು ಎಂದು ಕೇಳಿದವರು ಹೇಳುತ್ತಾ ಬಂದಿದ್ದಾರೆ.

ನೀನು ಹದಿನೆಂಟನೆಯ ವಯಸ್ಸಿನ ನಿನ್ನ ಆಟವನ್ನು ಹುಡುಕುತ್ತಿದ್ದೀ. ಆಗಿನ ಮೈ ಈಗ ನಿನಗಿಲ್ಲ, ಆಗಿನ ಧೈರ್ಯವೂ ಇಲ್ಲ, ಯಾಕೆಂದರೆ ಆಗ ಸೋತರೆ ಹೋಗುವಂಥದ್ದು ಏನೂ ಇರಲಿಲ್ಲ. ಅದರ ಮೇಲೆ ನಿನಗೆ ನೆನಪಿರುವುದು ಆಗಿನ ಒಳ್ಳೆಯ ವಾರಗಳು ಮಾತ್ರ, ಕೆಟ್ಟವು ಮರೆತಿವೆ. ಹೋದದ್ದು ಹೋದ ರೂಪದಲ್ಲೇ ಮರಳಬೇಕು ಎಂಬ ಹಟ ಬಿಡು. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಪಟ್ ಮಾಡುವಾಗ ಕೈ ತಾನಾಗಿ ಜರ್ಕ್ ಹೊಡೆಯುವ ರೋಗ, ಗಾಲ್ಫಿನವರು ಯಿಪ್ಸ್ ಅನ್ನುತ್ತಾರಲ್ಲ ಅದು, ಒಂದಲ್ಲ ಹಲವು ಸಲ ಬಂತು. ಪ್ರತಿ ಸಲವೂ ಪಟ್ಟರ್ ಹಿಡಿಯುವ ರೀತಿಯನ್ನೇ ಬದಲಿಸಿದ. ಒಂದು ಕಾಲಕ್ಕೆ ಬಲಗೈಯಿಂದ ಎಡ ಮುಂಗೈಗೇ ಪಟ್ಟರನ್ನು ಒತ್ತಿ ಹಿಡಿದು ಆಡಿದ. ನೋಡಲು ಚಂದವಿರಲಿಲ್ಲ. 1985ರಲ್ಲಿ ಗೆದ್ದ ಮಾಸ್ಟರ್ಸ್ ಅನ್ನು 1993ರಲ್ಲಿ ಮತ್ತೆ ಗೆದ್ದ.

ಹಾಗಂತ ತಾಳಿದವರಿಗೆಲ್ಲ ಸಿಕ್ಕೇ ಸಿಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಕ್ರಿಕೆಟಿಗ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ 303 ಹೊಡೆದರು, ಔಟಾಗಲಿಲ್ಲ. ಕೆಲವೇ ತಿಂಗಳಲ್ಲಿ ಭಾರತ ತಂಡದಿಂದ ಹೊರಗೆ. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ವಿದರ್ಭಕ್ಕೆ ಹೋಗಿ 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಗುಡ್ಡೆ ಹಾಕಿ, ಎಂಟು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. ಅಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ ಬಂದದ್ದು ಒಂದೇ ಅರ್ಧಶತಕ, ಮತ್ತೆ ಹೊರಗೆ. ಈ ಕಥೆಯನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ನೀನೇ ಹೇಳು. ನನಗಂತೂ ಆ 779 ರನ್‌ಗಳನ್ನು ಯಾರೂ ಕಸಿಯಲಾರರು ಎಂಬುದಷ್ಟು ಖಾತ್ರಿ.

ಕೊನೆಯದಾಗಿ ದುಡ್ಡಿನ ಮಾತು. ಇದನ್ನು ಯಾರೂ ಬರೆಯುವುದಿಲ್ಲ, ಹಿರಿಯನಾದ ನಾನಾದರೂ ಬರೆಯಬೇಕು. ಗಾಲ್ಫ್ ಬಡವರ ಆಟವಲ್ಲ. ಕಟ್ ತಪ್ಪಿದ ವಾರ ಗಳಿಕೆ ಇಲ್ಲ. ರೈಲು ವಿಮಾನ, ಲಾಡ್ಜು, ಕ್ಯಾಡಿ, ಎಂಟ್ರಿ ಫೀ ಎಲ್ಲ ಕೈಯಿಂದಲೇ. ನಿಮ್ಮಪ್ಪ ಬಾಯಿ ಬಿಟ್ಟು ಏನೂ ಕೇಳುವವನಲ್ಲ, ನಿನಗದು ಗೊತ್ತು. ಅವನು ಕೇಳದ ಆ ಪ್ರಶ್ನೆಯೇ ನೀನು ಪಟ್ಟರ್ ಹಿಡಿದಾಗಲೆಲ್ಲ ಮುಂಗೈ ಮೇಲೆ ಕೂತಿರುತ್ತದೆ. ಒಂದು ಭಾನುವಾರ ಅವನೆದುರು ಕೂತು ಲೆಕ್ಕ ಹಚ್ಚು. ಇನ್ನೆಷ್ಟು ಟೂರ್ನಿಗೆ ದುಡ್ಡಿದೆ, ಎಲ್ಲಿಯತನಕ ನೋಡೋಣ ಎಂದು ಬಾಯಿಬಿಟ್ಟು ಮಾತಾಡಿ. ಗಡುವು ಇಟ್ಟುಕೊಂಡು ಆಡುವುದರಲ್ಲಿ ಅವಮಾನವಿಲ್ಲ. ಗಡುವು ಮುಗಿದ ಮೇಲೆ ಮಕ್ಕಳಿಗೆ ಕಲಿಸುವ ಕೆಲಸ ಹಿಡಿದರೆ ಅದರಲ್ಲೂ ಇಲ್ಲ. ಗೊತ್ತುಗುರಿಯಿಲ್ಲದೆ ಎಳೆಯುತ್ತಾ ಹೋಗುವುದು ಮಾತ್ರ ಮನೆಯನ್ನೂ ಆಟವನ್ನೂ ಎರಡನ್ನೂ ತಿನ್ನುತ್ತದೆ.

ಅಷ್ಟರತನಕ ದಿನಾ ಬೆಳಿಗ್ಗೆ ರೇಂಜ್‌ಗೆ ಹೋಗುವ ಮೊದಲು ಗ್ರೀನ್ ಮೇಲೆ ನಿಂತು ಮೂರಡಿಯ ಪಟ್‌ಗಳನ್ನು ಹಾಕು. ಹಾಡುವವರು ಬೆಳಗಿನ ಜಾವ ಎದ್ದು ಕೆಳಗಿನ ಷಡ್ಜವನ್ನೇ ಹಿಡಿದು ಕೂರುತ್ತಾರಲ್ಲ, ಯಾರಿಗೂ ಕೇಳಿಸಲಿಕ್ಕಲ್ಲದ ರಿಯಾಜು, ಹಾಗೆ. ವಾರಕ್ಕೊಂದು ಸುತ್ತನ್ನಾದರೂ ಕಾರ್ಡಿಲ್ಲದೆ, ಗೆಳೆಯರ ಜೊತೆ, ನಗುತ್ತಾ ಆಡು. ನಿಮ್ಮವ್ವನೆದುರು ತಟ್ಟೆ ಬಿಟ್ಟು ಏಳಬೇಡ.

ಉಗಾದಿಗೆ ಊರಿಗೆ ಬಾ. ಬರುವಾಗ ಆ ಹತ್ತು ಸುತ್ತಿನ ಕಾರ್ಡುಗಳನ್ನು ಹಿಂಬದಿಯ ಬರಹದ ಸಮೇತ ತಗೊಂಡು ಬಾ. 80 ದಾಟಿದ್ದನ್ನೂ ಹರಿದು ಹಾಕಬೇಡ, ನಾನು ಮೊದಲು ನೋಡುವುದು ಅವನ್ನೇ.

ಇಂತಿ ನಿನ್ನ,
ಸಣ್ಣಜ್ಜ
ಗುಡಗೇರಿ